ಕಲಾಸಂಗ್ರಹಾಲಯವೆಂಬ ನ್ಯಾಸ
(ಡೆಟ್ರಾಯಿಟ್ ನಗರದ ಒಂದು ನಿದರ್ಶನ)

ಒಬ್ಬರು ಇನ್ನೊಬ್ಬರಲ್ಲಿ ನಂಬಿಕೆಯಿಟ್ಟು ಕಾಪಾಡಲೆಂದು ಒಪ್ಪಿಸಿದ ವಸ್ತುವಿಗೆ ಪ್ರಾಚೀನ ಧರ್ಮಶಾಸ್ತ್ರಕಾರರು ನ್ಯಾಸವೆಂದೂ ನಿಕ್ಷೇಪವೆಂದೂ ಹೆಸರಿಟ್ಟರು. ನ್ಯಾಸವನ್ನು ಇಟ್ಟುಕೊಂಡವನು ಅದರ ಒಡೆಯನಲ್ಲ, ಕಾವಲುಗಾರ ಮಾತ್ರ. ಕಾಲ ಬಂದಾಗ ಅದನ್ನು ಸಲ್ಲತಕ್ಕವರಿಗೆ ಕುಂದಿಲ್ಲದೆ ಸಲ್ಲಿಸುವುದು ಅವನ ಕರ್ತವ್ಯ. ತನಗೆ ಕಷ್ಟ ಬಂದಿತೆಂದು ಅದನ್ನು ಮಾರಿಕೊಳ್ಳುವ ಅಧಿಕಾರ ಅವನಿಗಿಲ್ಲ.

ಕಲಾಸಂಗ್ರಹಾಲಯವೂ ಇಂತಹ ಒಂದು ನ್ಯಾಸವೇ. ಆದರೆ ಒಂದು ವ್ಯತ್ಯಾಸವುಂಟು. ಸಾಮಾನ್ಯವಾದ ನ್ಯಾಸದಲ್ಲಿ ಇಟ್ಟವನೂ ಮರಳಿ ಪಡೆಯುವವನೂ ಕಣ್ಣೆದುರಿಗೇ ಇರುತ್ತಾರೆ. ಇಲ್ಲಿಯಾದರೋ ಇಟ್ಟವರಲ್ಲಿ ಬಹುಮಂದಿ ಗತಿಸಿಹೋಗಿದ್ದಾರೆ. ಪಡೆಯತಕ್ಕವರಲ್ಲಿ ಬಹುಮಂದಿ ಇನ್ನೂ ಹುಟ್ಟಿಯೇ ಇಲ್ಲ. ಗತಿಸಿದವರು ಬಂದು ಲೆಕ್ಕ ಕೇಳುವುದಿಲ್ಲ, ಹುಟ್ಟದವರು ಬಂದು ಪಾಲು ಬೇಡುವುದಿಲ್ಲ. ಇವರಿಬ್ಬರ ನಡುವೆ ನಿಂತ ಆಡಳಿತ ಮಂಡಳಿಗೆ ತನ್ನ ಅಂತಃಸಾಕ್ಷಿಯೇ ದಾರಿದೀಪ.

ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಪರಿಷತ್ತು 2022ರ ಆಗಸ್ಟ್ ತಿಂಗಳಲ್ಲಿ ಪ್ರಾಗ್ ನಗರದಲ್ಲಿ ಸಮಾವೇಶಗೊಂಡು ಸಂಗ್ರಹಾಲಯವೆಂಬ ಪದಕ್ಕೆ ಹೊಸ ವ್ಯಾಖ್ಯೆಯೊಂದನ್ನು ಅಂಗೀಕರಿಸಿತು. ಲಾಭದ ಉದ್ದೇಶವಿಲ್ಲದೆ ಸಮಾಜದ ಸೇವೆಯಲ್ಲಿರುವ, ಎಲ್ಲರಿಗೂ ಬಾಗಿಲು ತೆರೆದಿರುವ, ಸುಸ್ಥಿರತೆಯನ್ನು ಪೋಷಿಸುವ ಸಂಸ್ಥೆಯೆಂಬುದು ಆ ವ್ಯಾಖ್ಯೆಯ ಸಾರಾಂಶದಲ್ಲಿ ಸೇರಿದೆ. ಇದರಲ್ಲಿ ಎರಡು ಧರ್ಮಗಳು ಅಡಗಿವೆ. ಸುಸ್ಥಿರತೆಯೆಂದರೆ ಇಂದಿನ ಅಗತ್ಯವನ್ನು ಪೂರೈಸುವಾಗ ನಾಳಿನವರ ಪಾಲನ್ನು ಕಬಳಿಸದಿರುವುದು. ಸಾಮಾಜಿಕ ಹೊಣೆಗಾರಿಕೆಯೆಂದರೆ ನಾಳಿನ ಹೆಸರಿನಲ್ಲಿ ಇಂದಿನವರನ್ನು ಮರೆಯದಿರುವುದು. ಒಂದು ಕಾಪಾಡೆನ್ನುತ್ತದೆ, ಮತ್ತೊಂದು ಉಪಯೋಗಕ್ಕೆ ಕೊಡೆನ್ನುತ್ತದೆ. ಇವೆರಡೂ ಪರಸ್ಪರ ವಿರುದ್ಧವೆಂಬಂತೆ ತೋರುವ ಗಳಿಗೆಯೊಂದು ಒದಗಿದರೆ ಏನು ಮಾಡಬೇಕು? ಅಮೆರಿಕ ದೇಶದ ಮಿಶಿಗನ್ ರಾಜ್ಯಕ್ಕೆ ಸೇರಿದ ಡೆಟ್ರಾಯಿಟ್ ನಗರದಲ್ಲಿ 2013ನೆಯ ಇಸವಿಯಲ್ಲಿ ಅಂತಹ ಗಳಿಗೆ ನಿಜವಾಗಿಯೇ ಒದಗಿತು. ಸಂಸ್ಥೆಗಳನ್ನು ಕಟ್ಟಿ ನಡೆಸುವವರೆಲ್ಲರೂ ಮನನ ಮಾಡತಕ್ಕ ವೃತ್ತಾಂತ ಅದು.

ಸಂಗ್ರಹದ ಹುಟ್ಟು

ಡೆಟ್ರಾಯಿಟ್ ಕಲಾಸಂಗ್ರಹಾಲಯವು 1885ರಲ್ಲಿ ಪುರಜನರ ದಾನದಿಂದ ಹುಟ್ಟಿಕೊಂಡಿತು. ಪತ್ರಿಕೋದ್ಯಮಿ ಜೇಮ್ಸ್ ಸ್ಕ್ರಿಪ್ಸ್ ಎಂಬವರು 50 ಸಾವಿರ ಡಾಲರನ್ನು ಕೊಟ್ಟು ಅದಕ್ಕೆ ಅಸ್ತಿಭಾರ ಹಾಕಿದರು. 1889ರಲ್ಲಿ ತಾವು ಯೂರೋಪಿನಿಂದ ಕೂಡಿಸಿ ತಂದಿದ್ದ ಪ್ರಾಚೀನ ಚಿತ್ರಗಳನ್ನೂ ಅದಕ್ಕೆ ಸಮರ್ಪಿಸಿದರು. ಮುಂದೆ 1919ರಲ್ಲಿ ಈ ಸಂಗ್ರಹವು ನಗರಸಭೆಯ ಒಡೆತನಕ್ಕೆ ಬಂದಿತು. ಮೋಟಾರು ಕೈಗಾರಿಕೆಯಿಂದ ಆ ನಗರದಲ್ಲಿ ಸಂಪತ್ತು ತುಂಬಿ ತುಳುಕುತ್ತಿದ್ದ ಕಾಲವದು. ನಗರಸಭೆಯು ತೆರಿಗೆಯ ಹಣದಿಂದಲೇ ಶ್ರೇಷ್ಠ ಕೃತಿಗಳನ್ನು ಕೊಳ್ಳತೊಡಗಿತು. ವ್ಯಾನ್ ಗೋ ತನ್ನನ್ನು ತಾನೇ ಬರೆದುಕೊಂಡ ಚಿತ್ರವೊಂದನ್ನು 1922ರಲ್ಲಿಯೂ, ಹದಿನಾರನೆಯ ಶತಮಾನದ ಬ್ರೂಗೆಲ್ ಎಂಬ ಚಿತ್ರಕಾರನು ಹಳ್ಳಿಗರ ಮದುವೆಯ ಕುಣಿತವನ್ನು ಬಿಡಿಸಿದ ಚಿತ್ರವನ್ನು 1930ರಲ್ಲಿಯೂ ಕೊಂಡಿತು. 1927ರಲ್ಲಿ ಬಿಳಿಯ ಅಮೃತಶಿಲೆಯ ಭವ್ಯವಾದ ಹೊಸ ಭವನವೂ ಸಿದ್ಧವಾಯಿತು. ಇಂದು ಅಲ್ಲಿರುವ ಕೃತಿಗಳ ಸಂಖ್ಯೆ 65 ಸಾವಿರದಷ್ಟು.

ಕೆಲವು ಕೃತಿಗಳು ದಾನಿಗಳಿಂದ ಬಂದವು, ಕೆಲವು ತೆರಿಗೆ ಕೊಟ್ಟ ಪ್ರಜೆಗಳ ಹಣದಿಂದ ಬಂದವು, ಒಡೆತನ ಮಾತ್ರ ನಗರಸಭೆಯದು ಎಂಬ ಈ ಅಂಶವನ್ನು ನೆನಪಿನಲ್ಲಿಡಬೇಕು. ಮುಂದಿನ ವಿಪತ್ತಿನ ಬೀಜ ಇಲ್ಲಿಯೇ ಇತ್ತು.

ಗೋಡೆಯ ಮೇಲಿನ ಕಾರ್ಮಿಕರು

ಈ ಭವನದ ನಡುವಣ ಅಂಗಳದ ನಾಲ್ಕು ಗೋಡೆಗಳ ಮೇಲೆ ಮೆಕ್ಸಿಕೊ ದೇಶದ ಡಿಯೆಗೊ ರಿವೆರಾ 1932 ಮತ್ತು 1933ರಲ್ಲಿ ಭಿತ್ತಿಚಿತ್ರಗಳನ್ನು ಬರೆದನು. ಒಟ್ಟು 27 ಫಲಕಗಳು. ದೇವಾನುದೇವತೆಗಳಾಗಲಿ ರಾಜಮಹಾರಾಜರಾಗಲಿ ಅವುಗಳ ವಸ್ತುವಲ್ಲ. ಕುಲುಮೆಯ ಮುಂದೆ ಬೆವರಿಳಿಸುವ, ಎಂಜಿನ್ನುಗಳನ್ನು ಜೋಡಿಸುವ ಕಾರ್ಖಾನೆಯ ಕೂಲಿಗಾರರೇ ಅವುಗಳ ನಾಯಕರು. ಇದರ ವೆಚ್ಚವನ್ನು ವಹಿಸಿಕೊಂಡವರು ಅದೇ ಕಾರ್ಖಾನೆಯ ಒಡೆಯರಾದ ಹೆನ್ರಿ ಫೋರ್ಡರ ಪುತ್ರ ಎಡ್ಸೆಲ್ ಫೋರ್ಡ್. ಕಾಲವೋ ಘೋರವಾದ ಆರ್ಥಿಕ ಕುಸಿತದ್ದು. 1932ರ ಮಾರ್ಚ್ 7ರಂದು ಕೆಲಸ ಕಳೆದುಕೊಂಡ ಸಾವಿರಾರು ಜನ ಫೋರ್ಡ್ ಕಾರ್ಖಾನೆಯ ಕಡೆಗೆ ಮೆರವಣಿಗೆ ಹೊರಟಾಗ ಗುಂಡು ಹಾರಿ ನಾಲ್ವರು ಅಲ್ಲಿಯೇ ಅಸುನೀಗಿದ್ದರು. ರಿವೆರಾ ಬಂದದ್ದು ಅದಾದ ಮರುತಿಂಗಳಲ್ಲಿ.

ಚಿತ್ರಗಳು ಪೂರ್ಣಗೊಂಡೊಡನೆ ಊರಿನ ಹಲವು ಗಣ್ಯರು ಅವು ಧರ್ಮಬಾಹಿರವೆಂದೂ ಕ್ರಾಂತಿಕಾರಕವೆಂದೂ ದೂರಿ, ಸುಣ್ಣ ಬಳಿದು ಅಳಿಸಿಹಾಕಬೇಕೆಂದು ಒತ್ತಾಯಿಸಿದರು. ಎಡ್ಸೆಲ್ ಫೋರ್ಡ್ ಚಿತ್ರಕಾರನ ಪರವಾಗಿ ನಿಂತರು. ಸಂಗ್ರಹಾಲಯದ ಆಡಳಿತವೂ ಮಣಿಯಲಿಲ್ಲ. ಅತ್ತ ಸಾಮಾನ್ಯ ಜನರು ತಂಡತಂಡವಾಗಿ ಬಂದು ನೋಡಿದರು. ತಮ್ಮ ದುಡಿಮೆ ಅಮೃತಶಿಲೆಯ ಭವನದಲ್ಲಿ ಮರ್ಯಾದೆ ಪಡೆದುದನ್ನು ದುಡಿಯುವ ಜನ ಕಂಡರು. ದಾನಿಯಾದವನು ತನ್ನ ಹಣದಿಂದಾದ ಕೃತಿಯಲ್ಲಿ ತನ್ನ ಸ್ತುತಿಯನ್ನೇ ಬಯಸದೆ ಸತ್ಯಕ್ಕೆ ಎಡೆಗೊಟ್ಟರೆ ಆ ದಾನವು ಎಷ್ಟು ದೂರ ಫಲ ಕೊಡುತ್ತದೆಂಬುದಕ್ಕೆ ಈ ಗೋಡೆಗಳೇ ಸಾಕ್ಷಿ. ಆ ಫಲವು ಎಂಬತ್ತು ವರ್ಷಗಳ ಅನಂತರ ಇನ್ನೊಂದು ರೂಪದಲ್ಲಿಯೂ ಬಂದುದನ್ನು ಮುಂದೆ ಕಾಣಬಹುದು.

ಬಾಗಿಲು ಮುಚ್ಚಿದರೂ ನಿಲ್ಲದ ವೆಚ್ಚ

ಚಿತ್ರವೊಂದನ್ನು ಕೊಂಡು ಗೋಡೆಗೆ ತೂಗುಹಾಕಿದರೆ ವೆಚ್ಚ ಮುಗಿಯಿತೆಂದು ಹೊರಗಿನವರು ಭಾವಿಸುವುದು ಸಹಜ. ವಸ್ತುಸ್ಥಿತಿ ಹಾಗಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದರೆ ಬಟ್ಟೆಗೂ ಕಾಗದಕ್ಕೂ ಬೂಸು ಹಿಡಿಯುತ್ತದೆ. ಕಡಿಮೆಯಾದರೆ ಮರದ ಹಲಗೆ ಸೀಳುತ್ತದೆ, ಬಣ್ಣ ಚಕ್ಕೆಯೇಳುತ್ತದೆ. ಆದುದರಿಂದ ದೊಡ್ಡ ಸಂಗ್ರಹಾಲಯಗಳಲ್ಲಿ ಹಗಲಿರುಳೂ ಯಂತ್ರಗಳು ನಡೆದು ಗಾಳಿಯ ಶಾಖವನ್ನೂ ತೇವವನ್ನೂ ಹದದಲ್ಲಿಟ್ಟಿರುತ್ತವೆ. ನೋಡುಗರು ಬರಲಿ ಬಿಡಲಿ ಈ ಯಂತ್ರಗಳಿಗೆ ಬಿಡುವಿಲ್ಲ. ಕಾವಲುಗಾರರು, ಜೀರ್ಣೋದ್ಧಾರ ತಜ್ಞರು, ವಿಮೆ, ದುರಸ್ತಿ ಇವೆಲ್ಲ ಇದಕ್ಕೆ ಕೂಡಿಕೊಳ್ಳುತ್ತವೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಹದವನ್ನು ಬಹಳ ಬಿಗಿಯಾಗಿ ಪಾಲಿಸುವುದು ರೂಢಿಯಾಗಿತ್ತು. ಇದರಿಂದ ವಿದ್ಯುಚ್ಛಕ್ತಿ ಅಪಾರವಾಗಿ ವ್ಯಯವಾಗುತ್ತದೆ. ಒಳಗಿನ ಚಿತ್ರವನ್ನು ಉಳಿಸಲೆಂದು ಹೊರಗಿನ ಭೂಮಿಯನ್ನು ಕಾಯಿಸುವುದು ಯಾವ ನ್ಯಾಯ ಎಂಬ ಪ್ರಶ್ನೆ ಹುಟ್ಟಿದ್ದರಿಂದ, ಬಿಝೊ ಕೂಟವೆಂದು ಕರೆಯಲ್ಪಡುವ ಪ್ರಪಂಚದ ಪ್ರಮುಖ ಸಂಗ್ರಹಾಲಯಗಳ ನಿರ್ದೇಶಕರ ಬಳಗವು ಈ ನಿಯಮಗಳನ್ನು ಸಡಿಲಿಸಲು ಮುಂದಾಯಿತು. ಬಹುತರದ ವಸ್ತುಗಳಿಗೆ ಶಾಖವು 16ರಿಂದ 25 ಡಿಗ್ರಿ ಸೆಲ್ಸಿಯಸ್, ತೇವವು ಶೇಕಡಾ 40ರಿಂದ 60ರ ನಡುವೆ ಇದ್ದರೆ ಸಾಕೆಂಬುದು ಆ ಕೂಟದ ಸೂತ್ರ. ಸುಸ್ಥಿರತೆಯೆಂಬ ಮಾತಿಗೆ ಪ್ರಕೃತಿಯ ಈ ಮುಖವೂ ಇದೆ. ಆದರೆ ಡೆಟ್ರಾಯಿಟ್ ಸಂಗ್ರಹಾಲಯದ ಉಸಿರನ್ನೇ ಹಿಡಿದ ಪ್ರಶ್ನೆ ಪ್ರಕೃತಿಯದಲ್ಲ, ಹಣದ್ದು.

1950ರಲ್ಲಿ 18 ಲಕ್ಷವನ್ನು ಮೀರಿದ್ದ ಆ ನಗರದ ಜನಸಂಖ್ಯೆ 2010ರ ವೇಳೆಗೆ ಸುಮಾರು 7 ಲಕ್ಷ 14 ಸಾವಿರಕ್ಕೆ ಇಳಿದಿತ್ತು. ಕಾರ್ಖಾನೆಗಳು ಮುಚ್ಚಿದವು, ಅನುಕೂಲಸ್ಥರು ಹೊರವಲಯಗಳಿಗೆ ವಲಸೆ ಹೋದರು, ತೆರಿಗೆಯ ಆದಾಯ ಬತ್ತಿತು. ಹಣವಿಲ್ಲದೆ 1975ರಲ್ಲಿ ಸಂಗ್ರಹಾಲಯವನ್ನು ಕೆಲವು ವಾರ ಮುಚ್ಚಬೇಕಾಯಿತು. ರಾಜ್ಯ ಸರಕಾರದ ಅನುದಾನವೂ 1990ರ ಅನಂತರ ಕುಗ್ಗುತ್ತ ಬಂದಿತು. 2009ರಲ್ಲಿ ಸಿಬ್ಬಂದಿಯ ಸುಮಾರು ಐದನೆಯ ಒಂದು ಭಾಗವನ್ನು ಕೆಲಸದಿಂದ ಬಿಡಿಸಬೇಕಾಯಿತು. ಬೇರು ಒಣಗಿದ ಮರಕ್ಕೆ ಎಲೆಗೆ ನೀರು ಚಿಮುಕಿಸಿ ಫಲವೇನು?

ಬಾಗಿಲು ತೆರೆದ ಬಗೆ

ಇಂತಹ ಬಡತನದ ನಡುವೆಯೂ ಸಂಗ್ರಹಾಲಯವು ಒಳ್ಳೆಯ ಕೆಲವು ಕೆಲಸಗಳನ್ನು ಮಾಡಿತು. ನಗರದ ನಿವಾಸಿಗಳಲ್ಲಿ ಹತ್ತರಲ್ಲಿ ಎಂಟು ಮಂದಿ ಆಫ್ರಿಕಾ ಮೂಲದವರು. ಅವರ ಕಲೆಗೆಂದೇ 2000ದಲ್ಲಿ ಪ್ರತ್ಯೇಕ ವಿಭಾಗವೊಂದು ಏರ್ಪಟ್ಟಿತು. 2007ರಲ್ಲಿ 15 ಕೋಟಿ 80 ಲಕ್ಷ ಡಾಲರ್ ವೆಚ್ಚದ ನವೀಕರಣ ಮುಗಿದಾಗ ಚಿತ್ರಗಳನ್ನು ಜೋಡಿಸುವ ಕ್ರಮವನ್ನೇ ಬದಲಿಸಲಾಯಿತು. ವಿದ್ವಾಂಸರಿಗೆ ಮಾತ್ರ ತಿಳಿಯುವ ಪರಿಭಾಷೆಯನ್ನು ಬಿಟ್ಟು ಸಾಮಾನ್ಯ ನೋಡುಗನಿಗೆ ನಿಲುಕುವ ಚಿಕ್ಕ ಚಿಕ್ಕ ವಿವರಣೆಗಳನ್ನು ಬರೆಯಲಾಯಿತು. 2010ರಿಂದ ಪ್ರಸಿದ್ಧ ಚಿತ್ರಗಳ ಪ್ರತಿಕೃತಿಗಳನ್ನು ಊರೂರಿನ ಬೀದಿಗಳಲ್ಲಿಯೂ ಉದ್ಯಾನಗಳಲ್ಲಿಯೂ ನಿಲ್ಲಿಸಲಾಯಿತು. ಸಂಗ್ರಹಾಲಯಕ್ಕೆ ಬಾರದವನ ಬಳಿಗೆ ಸಂಗ್ರಹಾಲಯವೇ ನಡೆದುಹೋದಂತಾಯಿತು.

2012ರ ಆಗಸ್ಟ್ 7ರಂದು ಇದರ ಫಲ ಕಂಡಿತು. ನಗರವನ್ನೊಳಗೊಂಡ ಮತ್ತು ಅದನ್ನು ಸುತ್ತುವರಿದ ಮೂರು ಕೌಂಟಿಗಳ, ಎಂದರೆ ಜಿಲ್ಲೆಗಳ, ಮತದಾರರ ಮುಂದೆ ಒಂದು ಪ್ರಶ್ನೆಯನ್ನಿಡಲಾಯಿತು. ಆಸ್ತಿಯ ತೆರಿಗೆಗೊಳಪಟ್ಟ ಮೌಲ್ಯದಲ್ಲಿ ಪ್ರತಿ ಸಾವಿರ ಡಾಲರಿಗೆ 20 ಸೆಂಟಿನಂತೆ ಹತ್ತು ವರ್ಷಗಳ ಕಾಲ ಸಂಗ್ರಹಾಲಯಕ್ಕಾಗಿ ಕೊಡಲು ಒಪ್ಪುವಿರಾ? ಒಂದೂವರೆ ಲಕ್ಷ ಡಾಲರ್ ಬೆಲೆಯ ಮನೆಯವನಿಗೆ ವರ್ಷಕ್ಕೆ ಸುಮಾರು 15 ಡಾಲರ್. ಆರ್ಥಿಕ ಸಂಕಟದ ದಿನಗಳಾಗಿದ್ದರೂ ಮೂರು ಕೌಂಟಿಗಳೂ ಒಪ್ಪಿದವು. ಒಂದರಲ್ಲಿ ಮಾತ್ರ ಬಹುಮತ ಬಹಳ ಅಲ್ಪವಾಗಿತ್ತು. ಇದರಿಂದ ವರ್ಷಕ್ಕೆ ಸುಮಾರು 2 ಕೋಟಿ 30 ಲಕ್ಷ ಡಾಲರ್ ದೊರೆಯುವಂತಾಯಿತು. ಪ್ರತಿಯಾಗಿ ಆ ಮೂರು ಕೌಂಟಿಗಳ ನಿವಾಸಿಗಳೆಲ್ಲರಿಗೂ ಪ್ರವೇಶ ಉಚಿತವಾಯಿತು. ಶಾಲೆಯ ಮಕ್ಕಳನ್ನೂ ವೃದ್ಧರನ್ನೂ ಕರೆತರಲು ಬಸ್ಸಿನ ವ್ಯವಸ್ಥೆಯಾಯಿತು. ಕೆಲವು ಶ್ರೀಮಂತರ ದೊಡ್ಡ ದಾನಕ್ಕಿಂತ ಲಕ್ಷಾಂತರ ಗೃಹಸ್ಥರ ಸಣ್ಣ ಕಾಣಿಕೆ ಹೆಚ್ಚು ಗಟ್ಟಿಯಾದ ಆಧಾರ. ಏಕೆಂದರೆ ಕೊಟ್ಟವನು ನೋಡಲು ಬರುತ್ತಾನೆ, ನೋಡಿದವನು ತನ್ನದೆಂದು ತಿಳಿಯುತ್ತಾನೆ.

ಚಿತ್ರವೋ, ನಿವೃತ್ತಿವೇತನವೋ?

ಒಂದು ವರ್ಷ ಕಳೆಯುವಷ್ಟರಲ್ಲಿ ಸಿಡಿಲೆರಗಿತು. 2013ರ ಜುಲೈ 18ರಂದು ಡೆಟ್ರಾಯಿಟ್ ನಗರಸಭೆಯು ದಿವಾಳಿ ಅರ್ಜಿ ಸಲ್ಲಿಸಿತು. ಸಾಲದ ಮೊತ್ತ ಸುಮಾರು 1,800 ಕೋಟಿ ಡಾಲರ್ ಎಂದು ಅಂದಾಜು. ನಗರಸಭೆಯ ಆಸ್ತಿಯೆಲ್ಲವೂ ಸಾಲ ತೀರಿಸಲು ಒದಗಬಹುದಾದರೆ ಸಂಗ್ರಹಾಲಯದ ಚಿತ್ರಗಳೂ ಆ ಆಸ್ತಿಯಲ್ಲವೇ ಎಂಬ ಮಾತು ಅದಕ್ಕೂ ಮೊದಲೇ ಎದ್ದಿತ್ತು. ಸಂಗ್ರಹವು ಲೋಕೋಪಕಾರಾರ್ಥವಾದ ನ್ಯಾಸವಾಗಿದ್ದು ಸಾಲಕ್ಕಾಗಿ ಮಾರತಕ್ಕುದಲ್ಲವೆಂದು ರಾಜ್ಯದ ಅಟಾರ್ನಿ ಜನರಲ್ ಅವರು 2013ರ ಜೂನ್ ತಿಂಗಳಲ್ಲಿ ಅಭಿಪ್ರಾಯ ಕೊಟ್ಟಿದ್ದರು. ಆದರೂ ಸಾಲ ಕೊಟ್ಟವರು ಸುಮ್ಮನಿರಲಿಲ್ಲ. ನಗರದ ಹಣದಿಂದ ಕೊಂಡ ಕೃತಿಗಳಿಗೆ ಕ್ರಿಸ್ಟೀಸ್ ಎಂಬ ಹರಾಜು ಸಂಸ್ಥೆಯಿಂದ ಬೆಲೆ ಕಟ್ಟಿಸಲಾಯಿತು. 45 ಕೋಟಿ 40 ಲಕ್ಷದಿಂದ 86 ಕೋಟಿ 70 ಲಕ್ಷ ಡಾಲರುಗಳವರೆಗೆ ಬೆಲೆಯಾಗಬಹುದೆಂದು ಆ ವರ್ಷದ ಡಿಸೆಂಬರಿನಲ್ಲಿ ವರದಿ ಬಂದಿತು.

ಇನ್ನೊಂದು ಪಕ್ಷವನ್ನು ಮರೆಯುವುದು ನ್ಯಾಯವಲ್ಲ. ನಗರದ ಬೀದಿ ಗುಡಿಸಿದವರು, ಬಸ್ಸು ನಡೆಸಿದವರು, ಬೆಂಕಿ ಆರಿಸಿದವರು, ಕಾವಲು ಕಾಯ್ದವರು, ಹೀಗೆ ಇಪ್ಪತ್ತು ಸಾವಿರಕ್ಕೂ ಮಿಕ್ಕ ನಿವೃತ್ತರು ನಗರಸಭೆ ಕೊಟ್ಟ ಮಾತನ್ನು ನಂಬಿ ಬಾಳುತ್ತಿದ್ದರು. ಸಾಮಾನ್ಯ ನೌಕರನ ನಿವೃತ್ತಿವೇತನ ಸರಾಸರಿ ವರ್ಷಕ್ಕೆ 20 ಸಾವಿರ ಡಾಲರಿನ ಆಸುಪಾಸು. ದಿವಾಳಿಯ ಕಾನೂನಿನ ಮುಂದೆ ಈ ವೇತನಕ್ಕೂ ಕತ್ತರಿ ಹಾಕಬಹುದೆಂದು ನ್ಯಾಯಾಧೀಶ ಸ್ಟೀವನ್ ರೋಡ್ಸ್ ಅವರು 2013ರ ಡಿಸೆಂಬರಿನಲ್ಲಿ ತೀರ್ಪಿತ್ತರು. ನಿವೃತ್ತಿವೇತನವೂ ಒಂದು ನ್ಯಾಸವೇ ತಾನೆ? ದುಡಿದವನು ಯೌವನದಲ್ಲಿ ಇಟ್ಟದ್ದನ್ನು ಮುಪ್ಪಿನಲ್ಲಿ ಕೇಳುತ್ತಾನೆ. ಗೋಡೆಯ ಮೇಲೆ ಕೂಲಿಗಾರನ ಚಿತ್ರವನ್ನು ಕಾಪಾಡಿ, ಗೋಡೆಯ ಹೊರಗೆ ಕೂಲಿಗಾರನ ಅನ್ನವನ್ನು ಕಸಿಯಬಹುದೇ? ಅಥವಾ ಇಂದಿನ ಹಸಿವಿಗಾಗಿ ಮುಂದಿನ ತಲೆಮಾರುಗಳ ಕಣ್ಣನ್ನೇ ಮಾರಬಹುದೇ? ಎರಡೂ ಕಡೆ ಕೊಟ್ಟ ಮಾತಿತ್ತು. ಎರಡನ್ನೂ ಉಳಿಸಿಕೊಳ್ಳುವಷ್ಟು ಹಣ ಬೊಕ್ಕಸದಲ್ಲಿರಲಿಲ್ಲ.

ಮಹಾಸಂಧಾನ

ಈ ಬಿಕ್ಕಟ್ಟಿಗೆ ಸಂಧಾನಕಾರರಾಗಿ ನೇಮಕಗೊಂಡಿದ್ದ ನ್ಯಾಯಾಧೀಶ ಜೆರಾಲ್ಡ್ ರೋಸೆನ್ ಅವರು ಒಂದು ಉಪಾಯವನ್ನು ಕಂಡರು. ದತ್ತಿಸಂಸ್ಥೆಗಳು ಹಣ ಕೂಡಿಸಿ ಕೊಡಲಿ. ಆ ಹಣವು ನಿವೃತ್ತರ ವೇತನನಿಧಿಗೆ ಹೋಗಲಿ. ಅದಕ್ಕೆ ಪ್ರತಿಯಾಗಿ ಚಿತ್ರಗಳು ನಗರಸಭೆಯ ಕೈಯಿಂದ ಬಿಡುಗಡೆ ಹೊಂದಿ ಶಾಶ್ವತವಾದ ಸಾರ್ವಜನಿಕ ನ್ಯಾಸವಾಗಲಿ. 2013ರ ನವೆಂಬರಿನಲ್ಲಿ ಅವರು ದತ್ತಿಸಂಸ್ಥೆಗಳ ಮುಖ್ಯಸ್ಥರನ್ನು ಕರೆಸಿ ಮಾತನಾಡಿದರು. ಆ ಸಂಸ್ಥೆಗಳಿನ್ನೂ ಬಹಿರಂಗವಾಗಿ ಮಾತು ಕೊಡುವ ಮೊದಲೇ ವಿಜ್ಞಾನಿಯೂ ಉದ್ಯಮಿಯೂ ಆಗಿದ್ದ ಗೃಹಸ್ಥರೊಬ್ಬರು 50 ಲಕ್ಷ ಡಾಲರ್ ಕೊಡುವುದಾಗಿ ಮುಂದೆ ಬಂದರು.

ಮುಂದೆ ಹನಿ ಹನಿ ಕೂಡಿ ಹಳ್ಳವಾಯಿತು. ದತ್ತಿಸಂಸ್ಥೆಗಳಿಂದ 36 ಕೋಟಿ 60 ಲಕ್ಷ, ರಾಜ್ಯ ಸರಕಾರದಿಂದ 35 ಕೋಟಿ, ಸಂಗ್ರಹಾಲಯವು ತಾನೇ ಕೂಡಿಸಬೇಕಾದ 10 ಕೋಟಿ, ಹೀಗೆ ಇಪ್ಪತ್ತು ವರ್ಷಗಳ ಅವಧಿಗೆ ಒಟ್ಟು 81 ಕೋಟಿ 60 ಲಕ್ಷ ಡಾಲರುಗಳ ವಾಗ್ದಾನವಾಯಿತು. ದತ್ತಿಸಂಸ್ಥೆಗಳ ಪೈಕಿ ಹೆಚ್ಚಿನ ಪಾಲನ್ನು, ಎಂದರೆ 12 ಕೋಟಿ 50 ಲಕ್ಷ ಡಾಲರುಗಳನ್ನು, ಕೊಟ್ಟುದು ಫೋರ್ಡ್ ಪ್ರತಿಷ್ಠಾನ. ಅದನ್ನು 1936ರಲ್ಲಿ ಸ್ಥಾಪಿಸಿದವರು ಬೇರೆ ಯಾರೂ ಅಲ್ಲ, ರಿವೆರಾನ ಭಿತ್ತಿಚಿತ್ರಗಳ ವೆಚ್ಚವನ್ನು ವಹಿಸಿದ ಅದೇ ಎಡ್ಸೆಲ್ ಫೋರ್ಡ್. ತಂದೆ ನೆಟ್ಟ ಮಾವು ಮೊಮ್ಮಕ್ಕಳಿಗೆ ನೆರಳಾದಂತೆ, ಒಬ್ಬ ದಾನಿಯ ಎರಡು ದಾನಗಳಲ್ಲಿ ಒಂದು ಇನ್ನೊಂದನ್ನು ಕಾಪಾಡಿತು. ಮೂರು ದೊಡ್ಡ ಮೋಟಾರು ಕಂಪನಿಗಳೂ 2014ರ ಜೂನ್ ತಿಂಗಳಲ್ಲಿ 2 ಕೋಟಿ 60 ಲಕ್ಷ ಡಾಲರ್ ಕೊಡಲು ಒಪ್ಪಿದವು.

ಆದರೂ ಕೊನೆಯ ಮಾತು ನಿವೃತ್ತರದಾಗಿತ್ತು. ಒಪ್ಪಿದರೆ ಸಾಮಾನ್ಯ ನೌಕರರ ವೇತನದಲ್ಲಿ ಶೇಕಡಾ 4.5ರಷ್ಟು ಕಡಿತ, ಬೆಲೆಯೇರಿಕೆಗೆ ತಕ್ಕಂತೆ ಸಿಗುತ್ತಿದ್ದ ಹೆಚ್ಚಳವೂ ಇಲ್ಲ. ಒಪ್ಪದಿದ್ದರೆ ಕಡಿತ ಶೇಕಡಾ 27. ಪೊಲೀಸ್ ಮತ್ತು ಅಗ್ನಿಶಾಮಕ ದಳದ ನಿವೃತ್ತರಿಗೆ ಮೂಲವೇತನ ಉಳಿದು ಹೆಚ್ಚಳ ಮಾತ್ರ ಕುಗ್ಗುವಂತಿತ್ತು. ಎಲ್ಲರ ವೈದ್ಯಕೀಯ ಸೌಲಭ್ಯಗಳೂ ಬಹಳವಾಗಿ ಕುಗ್ಗಿದವು. 2014ರ ಜುಲೈ ತಿಂಗಳಲ್ಲಿ ನಿವೃತ್ತರು ಬಹುಮತದಿಂದ ಇದಕ್ಕೆ ಸಮ್ಮತಿಸಿದರು. ಚಿತ್ರಗಳು ಉಳಿದುದು ದಾನಿಗಳ ಔದಾರ್ಯದಿಂದ ಮಾತ್ರವಲ್ಲ, ತಮ್ಮ ಅನ್ನದ ತುತ್ತಿನಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟ ಈ ವೃದ್ಧರ ಒಪ್ಪಿಗೆಯಿಂದ ಕೂಡ. ಅವರ ಹೆಸರುಗಳು ಯಾವ ಶಿಲಾಫಲಕದಲ್ಲಿಯೂ ಇಲ್ಲವೆಂದು ಅವರ ಋಣ ಕಡಿಮೆಯಾಗುವುದಿಲ್ಲ.

2014ರ ನವೆಂಬರ್ 7ರಂದು ನ್ಯಾಯಾಲಯವು ಯೋಜನೆಯನ್ನು ಸ್ಥಿರಪಡಿಸಿತು. ಕಲಾಕೃತಿಗಳನ್ನು ಮಾರುವುದೆಂದರೆ ಡೆಟ್ರಾಯಿಟಿನ ಭವಿಷ್ಯವನ್ನೇ ಬಿಟ್ಟುಕೊಟ್ಟಂತೆ ಎಂಬುದು ನ್ಯಾಯಾಧೀಶ ರೋಡ್ಸ್ ಅವರ ಅಭಿಮತದ ತಾತ್ಪರ್ಯವಾಗಿತ್ತು. ಒಂದು ಸಲ ಮಾರಿದ ಹಣ ಒಂದು ಸಲದ ಸಾಲಕ್ಕೆ ಸಂದುಹೋಗುತ್ತದೆ. ನಗರದ ರೋಗ ಹಾಗೆಯೇ ಉಳಿಯುತ್ತದೆ. ಡಿಸೆಂಬರ್ 10ರಂದು ನಗರವು ದಿವಾಳಿಯಿಂದ ಹೊರಬಂದಿತು. ಅಂದೇ ಸಂಗ್ರಹದ ಒಡೆತನವು ಲಾಭೋದ್ದೇಶವಿಲ್ಲದ ಸಂಸ್ಥೆಯೊಂದಕ್ಕೆ ನ್ಯಾಸರೂಪದಲ್ಲಿ ವರ್ಗವಾಯಿತು.

ಫಲಿತಾರ್ಥ

ಈ ವೃತ್ತಾಂತವನ್ನು ಕೇವಲ ಜಯಗಾಥೆಯೆಂದು ಓದಬಾರದು. ಹತ್ತು ವರ್ಷಗಳ ತೆರಿಗೆಯ ಆಸರೆಯಲ್ಲಿ ದೊಡ್ಡ ಮೂಲನಿಧಿಯನ್ನು ಕೂಡಿಸಿ, ಆಮೇಲೆ ಸ್ವಂತ ಕಾಲ ಮೇಲೆ ನಿಲ್ಲಬೇಕೆಂದು ಸಂಗ್ರಹಾಲಯವು ಎಣಿಸಿತ್ತು. ನಡುವೆ ದಿವಾಳಿಯ ಸಂಧಾನಕ್ಕಾಗಿ ಹಣ ಕೂಡಿಸಬೇಕಾಗಿ ಬಂದು ಆ ಎಣಿಕೆ ಹಿಂದೆ ಬಿದ್ದಿತು. 2020ರ ಮಾರ್ಚ್ ತಿಂಗಳಲ್ಲಿ ಮತ್ತೆ ಮತದಾರರ ಮುಂದೆ ಹೋಗಿ ಇನ್ನೂ ಹತ್ತು ವರ್ಷಗಳ ತೆರಿಗೆಯನ್ನು ಕೇಳಬೇಕಾಯಿತು. ಒಮ್ಮೆ ಮಾತ್ರವೆಂದು ಕೇಳಿದವರು ಎರಡನೆಯ ಸಲ ಕೇಳುವುದೇಕೆಂದು ಆಕ್ಷೇಪಿಸಿದವರಿದ್ದರು. ಆದರೂ ಮೂರು ಕೌಂಟಿಗಳ ಜನ ಮರಳಿ ಒಪ್ಪಿದರು. ಎಂಟು ವರ್ಷ ಉಚಿತವಾಗಿ ಒಳಗೆ ಬಂದು ನೋಡಿದವರ ಮತ ಅದಾಗಿತ್ತು.

ಹಾಗಾದರೆ ಇಲ್ಲಿಂದ ತಿಳಿಯತಕ್ಕ ತತ್ತ್ವ ಯಾವುದು? ನ್ಯಾಸಕ್ಕೆ ಬೀಗವೂ ರಕ್ಷೆ, ಕಾನೂನೂ ರಕ್ಷೆ. ಆದರೆ ಎಲ್ಲಕ್ಕಿಂತ ದೊಡ್ಡ ರಕ್ಷೆ ನೆರೆಹೊರೆಯವರ ವಿಶ್ವಾಸ. ಅಟಾರ್ನಿ ಜನರಲ್ ಅವರ ಅಭಿಪ್ರಾಯವೊಂದೇ ಇದ್ದಿದ್ದರೆ ವಾದವಿವಾದಗಳಲ್ಲಿ ವರ್ಷಗಳು ಉರುಳುತ್ತಿದ್ದವು. ಸಂಗ್ರಹಾಲಯವು ಬಾಗಿಲನ್ನು ಎಲ್ಲರಿಗೂ ತೆರೆದು, ಅರ್ಥವಾಗುವ ಮಾತಿನಲ್ಲಿ ತನ್ನನ್ನು ಹೇಳಿಕೊಂಡು, ಬಡಾವಣೆಗಳಿಗೂ ಶಾಲೆಗಳಿಗೂ ತಾನೇ ಹೋಗಿದ್ದುದರಿಂದ ವಿಪತ್ಕಾಲದಲ್ಲಿ ಅದು ನಮ್ಮದು ಎನ್ನುವವರು ದೊರೆತರು. ಸಾಮಾಜಿಕ ಹೊಣೆಗಾರಿಕೆಯು ಸುಸ್ಥಿರತೆಗೆ ಹೊರೆಯಲ್ಲ, ಅದೇ ಅದರ ಬೇರು. ಹಾಗೆಯೇ, ಸಂಸ್ಥೆಯು ಉಳಿಯಬೇಕಾದರೆ ಅದರ ಸುತ್ತಲಿನ ದುಡಿಯುವ ಜನರೂ ಉಳಿಯಬೇಕೆಂಬುದನ್ನು ಆ ಸಂಧಾನವು ಒಪ್ಪಿಕೊಂಡಿತು. ಚಿತ್ರಗಳಿಗಾಗಿ ಕೊಟ್ಟ ಹಣ ಸೇರಿದುದು ನಿವೃತ್ತರ ನಿಧಿಗೆ ಎಂಬುದು ಅದರ ಹಿರಿಮೆ.

ಶಾಲೆಯಾಗಲಿ, ಗ್ರಂಥಭಂಡಾರವಾಗಲಿ, ಚಿತ್ರಶಾಲೆಯಾಗಲಿ, ಪರರ ದಾನದಿಂದ ಬೆಳೆದ ಸಂಸ್ಥೆಗಳೆಲ್ಲವೂ ಇಂತಹ ನ್ಯಾಸಗಳೇ. ಅವುಗಳಿಗೆ ಕೊಡುವವರು ಫಲವನ್ನು ತಮ್ಮ ಜೀವಿತದಲ್ಲಿಯೇ ಕಾಣಬೇಕೆಂದಿಲ್ಲ. ನಡೆಸುವವರು ಒಡೆಯರೆಂಬ ಭಾವವನ್ನು ತಾಳುವಂತಿಲ್ಲ. ಕಲಿಸುವವರು ಅವುಗಳ ಬಾಗಿಲನ್ನು ಮಕ್ಕಳಿಗೆ ತೋರಿಸದೆ ಇರುವಂತಿಲ್ಲ. ಡೆಟ್ರಾಯಿಟಿನ ಅಂಗಳದಲ್ಲಿ ರಿವೆರಾ ಬರೆದ ಕೂಲಿಗಾರರು ಇಂದಿಗೂ ಎಂಜಿನ್ನುಗಳನ್ನು ಜೋಡಿಸುತ್ತಲೇ ಇದ್ದಾರೆ. ಅವರೆದುರು ನಿಂತು ನೋಡುವ ಶಾಲೆಯ ಹುಡುಗನಿಗೆ ಆ ಚಿತ್ರಗಳು ಉಳಿದ ಕಥೆ ತಿಳಿದಿರಲಿಕ್ಕಿಲ್ಲ. ತಿಳಿಯದೆಯೂ ಅವನು ತನ್ನ ಪಾಲನ್ನು ಪಡೆಯುತ್ತಿದ್ದಾನೆ. ಅದೇ ನ್ಯಾಸದ ಸಾರ್ಥಕತೆ.